ಫ್ರೆಂಚ್ ತೆರೆಯ ಮೇಲೆ ಕೆರಿಬಿಯನ್ ಜನ: ನಗಿಸಿದರೆ ಮಾತ್ರ ಜಾಗವೇ?

ನಮಸ್ಕಾರ. 1963ರಲ್ಲಿ ಫ್ರಾನ್ಸ್ ಸರ್ಕಾರ ಬ್ಯುಮಿದೋಮ್ ಎಂಬ ಕಚೇರಿಯೊಂದನ್ನು ತೆರೆಯಿತು. ಕೆರಿಬಿಯನ್ ಸಮುದ್ರದ ಮಾರ್ಟಿನೀಕ್, ಗ್ವಾಡೆಲೂಪ್ ಮತ್ತು ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪಗಳ ಯುವಕ ಯುವತಿಯರನ್ನು ಫ್ರಾನ್ಸಿಗೆ ಕರೆತಂದು ದುಡಿಮೆಗೆ ಹಚ್ಚುವುದು ಅದರ ಉದ್ದೇಶ. ಹೋಗುವುದಕ್ಕೆ ಟಿಕೆಟ್ ಕೊಡುತ್ತಿದ್ದರು, ಮರಳುವುದಕ್ಕೆ ಕೊಡುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಆ ಕಚೇರಿಯನ್ನು ಮುಚ್ಚುವ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅದರ ಮೂಲಕ ಬಂದಿದ್ದರು. ಅಂಚೆ ಇಲಾಖೆಯ ಕೆಳಹಂತದ ಕೆಲಸ, ಕಟ್ಟಡದ ಕೂಲಿ, ಆಸ್ಪತ್ರೆಯ ಆಯಾ ಕೆಲಸ, ಶ್ರೀಮಂತರ ಮನೆಗೆಲಸ ಅವರ ಪಾಲಿಗೆ ಬಂತು.

ಇವರು ಪರದೇಶದವರಲ್ಲ, ಅದನ್ನು ಮರೆಯಬಾರದು. 1946ರ ಕಾನೂನಿನಿಂದ ಆ ದ್ವೀಪಗಳು ಫ್ರಾನ್ಸಿನದೇ ಜಿಲ್ಲೆಗಳಾಗಿದ್ದವು. ಪ್ಯಾರಿಸ್ಸಿನವನಿಗೆ ಇರುವ ಮತದ ಹಕ್ಕು, ಅದೇ ಪಾಸ್‌ಪೋರ್ಟ್, ಅದೇ ಶಾಲಾ ಪಠ್ಯ ಇವರಿಗೂ ಇತ್ತು. ಹಾಗಿದ್ದೂ ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲು ಮುಚ್ಚುತ್ತಿತ್ತು. ಯಾವ ದೇಶದಿಂದ ಬಂದಿರಿ ಎಂಬ ಪ್ರಶ್ನೆ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ತಪ್ಪಲಿಲ್ಲ. ರಜೆಗೆಂದು ದ್ವೀಪಕ್ಕೆ ಹೋದರೆ ಅಲ್ಲಿನ ನೆಂಟರು ಅವರನ್ನು ‘ನೆಗ್ರೊಪೊಲಿಟೆನ್’, ಅಂದರೆ ಫ್ರಾನ್ಸಿನವರಾಗಿಬಿಟ್ಟ ಕರಿಯರು, ಎಂದು ಕರೆದು ಬೇರೆಯೇ ಸಾಲಿನಲ್ಲಿ ನಿಲ್ಲಿಸುತ್ತಾರೆ.

ಫ್ರಾನ್ಸಿನ ಜನಗಣತಿ ಯಾರ ಮೈಬಣ್ಣವನ್ನೂ ಕೇಳುವುದಿಲ್ಲ. ಗಣರಾಜ್ಯದ ಮುಂದೆ ಎಲ್ಲರೂ ಬರಿಯ ಪ್ರಜೆಗಳು. ತತ್ತ್ವವೇನೋ ದೊಡ್ಡದು. ಆದರೆ ಎಣಿಸದೇ ಇರುವ ಅನ್ಯಾಯವನ್ನು ಯಾರ ಮುಂದೆ, ಹೇಗೆ ಸಾಬೀತು ಮಾಡುವುದು? ಅಂಕಿಅಂಶ ಮೂಕವಾಗಿರುವ ಕಡೆ ಕಥೆ ಸಾಕ್ಷಿ ಹೇಳಬೇಕಾಗುತ್ತದೆ, ಸಿನಿಮಾ ಸಾಕ್ಷಿ ಹೇಳಬೇಕಾಗುತ್ತದೆ. ಫ್ರೆಂಚ್ ಚಿತ್ರೋದ್ಯಮ ಈ ಸಾಕ್ಷಿಗಳು ನಗಿಸಿದಾಗ ಜಾಗ ಕೊಟ್ಟಿತು. ಇತಿಹಾಸದ ಲೆಕ್ಕ ಕೇಳಿದಾಗ ಹಣವನ್ನೂ ಚಿತ್ರಮಂದಿರವನ್ನೂ ಹಿಂದಕ್ಕೆಳೆದುಕೊಂಡಿತು. ನನ್ನ ತಕರಾರು ಇಷ್ಟೇ, ಮತ್ತು ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಮಾರ್ಟಿನೀಕಿನವರೇ ಆದ ಮನೋವೈದ್ಯ ಫ್ರಾಂಟ್ಸ್ ಫ್ಯಾನನ್ 1952ರ ತಮ್ಮ ಪುಸ್ತಕದಲ್ಲಿ ಟಾರ್ಜನ್ ಚಿತ್ರದ ಮಾತು ತೆಗೆಯುತ್ತಾರೆ. ದ್ವೀಪದಲ್ಲಿ ಕುಳಿತು ನೋಡುವ ಕಪ್ಪು ಹುಡುಗ ತಾನೇ ಟಾರ್ಜನ್ ಎಂದುಕೊಂಡು ಕಾಡಿನ ಕಪ್ಪು ಜನರ ವಿರುದ್ಧ ಚಪ್ಪಾಳೆ ತಟ್ಟುತ್ತಾನೆ. ಅದೇ ಹುಡುಗ ಯುರೋಪಿನ ಚಿತ್ರಮಂದಿರದಲ್ಲಿ ಕುಳಿತರೆ ಸುತ್ತಲಿನ ಬಿಳಿಯ ಪ್ರೇಕ್ಷಕರು ಅವನನ್ನು ತೆರೆಯ ಮೇಲಿನ ಆ ಕಾಡುಜನರ ಜೊತೆಗೇ ಸೇರಿಸಿಬಿಡುತ್ತಾರೆ. ಚಿತ್ರ ಅದೇ, ಹುಡುಗನೂ ಅವನೇ. ಜನಾಂಗಭೇದ ತೆರೆಯ ಮೇಲಷ್ಟೇ ಅಲ್ಲ, ಪಕ್ಕದ ಕುರ್ಚಿಯಲ್ಲೂ ಕುಳಿತಿರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಬರಹವನ್ನು ನಾನು ಓದಿಲ್ಲ.

1983ರಲ್ಲಿ ಒಂದು ಬಾಗಿಲು ತೆರೆಯಿತು. ಮಾರ್ಟಿನೀಕಿನ ಯುವತಿ ಯೂಜಾನ್ ಪಾಲ್ಸಿ ‘ರ್ಯೂ ಕಾಝ್ ನೆಗ್ರ್’ ಮಾಡಿದರು. ಕಬ್ಬಿನ ಗದ್ದೆಯಲ್ಲಿ ಸವೆಯುತ್ತಿರುವ ಅಜ್ಜಿ, ಅವಳ ಹಟದಿಂದ ಶಾಲೆಗೆ ಹೋಗುವ ಮೊಮ್ಮಗ. ವೆನಿಸ್ ಚಿತ್ರೋತ್ಸವ ಅದಕ್ಕೆ ಬೆಳ್ಳಿ ಸಿಂಹ ಕೊಟ್ಟಿತು. ದಶಕಗಟ್ಟಲೆ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದಿದ್ದ ಡಾರ್ಲಿಂಗ್ ಲೆಗಿಟಿಮುಸ್ ಎಪ್ಪತ್ತು ದಾಟಿದ ಮೇಲೆ ಆ ಅಜ್ಜಿಯ ಪಾತ್ರಕ್ಕೆ ಅಲ್ಲಿ ಶ್ರೇಷ್ಠ ನಟಿ ಎನಿಸಿಕೊಂಡರು. ಅಷ್ಟಾದ ಮೇಲೆ ನಿರ್ಮಾಪಕರು ಪಾಲ್ಸಿಯ ಮನೆಮುಂದೆ ಸಾಲುಗಟ್ಟಬೇಕಿತ್ತಲ್ಲವೇ? ಅವರ ಮುಂದಿನ ದೊಡ್ಡ ಚಿತ್ರಕ್ಕೆ ಹಣ ಹಾಕಿದ್ದು ಹಾಲಿವುಡ್. 2022ರಲ್ಲಿ ಗೌರವ ಆಸ್ಕರ್ ಪಡೆದಾಗ ಅವರು ಹೇಳಿದ್ದು ಏನು ಗೊತ್ತೇ? ಕಪ್ಪು ಜನರ ಕಥೆ ದುಡ್ಡು ತರುವುದಿಲ್ಲ, ಹೆಂಗಸಿನ ಕಥೆ ದುಡ್ಡು ತರುವುದಿಲ್ಲ ಎಂಬ ಮಾತನ್ನು ಕೇಳಿ ಕೇಳಿ ದಣಿದು, ಚಿತ್ರ ಮಾಡುವುದನ್ನೇ ನಿಲ್ಲಿಸಿದ್ದೆ ಎಂದು.

ದುಡ್ಡು ತರುವುದಿಲ್ಲ ಎಂಬುದಂತೂ ಸುಳ್ಳು. 2009ರ ಮಾರ್ಚ್‌ನಲ್ಲಿ ಲೂಸಿಯೆನ್ ಜ್ಯಾನ್-ಬಾಪ್ಟಿಸ್ಟ್ ಅವರ ಹಾಸ್ಯಚಿತ್ರ ‘ಲಾ ಪ್ರೆಮಿಯೆರ್ ಎತ್ವಾಲ್’ ಬಂತು. ಪ್ಯಾರಿಸ್ಸಿನ ಹೊರವಲಯ ಕ್ರೆತೇಯ್‌ನ ಆಂಟಿಲೀಸ್ (ಕೆರಿಬಿಯನ್ನಿನ ಫ್ರೆಂಚ್ ದ್ವೀಪಗಳ) ಕುಟುಂಬವೊಂದು, ಅಪ್ಪ ಕೊಟ್ಟ ಮಾತಿಗೆ ಕಟ್ಟುಬಿದ್ದು, ಕೈಯಲ್ಲಿ ಕಾಸಿಲ್ಲದೆ ಹಿಮದ ಬೆಟ್ಟಕ್ಕೆ ಸ್ಕೀಯಿಂಗ್‌ಗೆ ಹೊರಡುತ್ತದೆ. ಹದಿನೈದು ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ನೋಡಿದರು. ಚಿತ್ರದಲ್ಲಿ ನಿಜವಾದ ಪ್ರೀತಿಯಿದೆ, ಹಿಮದ ಊರಿನವರ ನೋಟ ಚುಚ್ಚುವುದನ್ನೂ ಅದು ಮುಚ್ಚಿಡುವುದಿಲ್ಲ. ನನಗೆ ಅದು ಇಷ್ಟವೇ. ಆದರೆ ಅದೇ ಮಾರ್ಚ್‌ನ ಮೊದಲ ವಾರದವರೆಗೆ ಗ್ವಾಡೆಲೂಪ್ 44 ದಿನ ಸ್ತಬ್ಧವಾಗಿತ್ತು. ಬೆಲೆ ಏರಿಕೆಯ ವಿರುದ್ಧ, ವಸಾಹತುಕಾಲದ ಒಡೆತನ ಇನ್ನೂ ಮುಂದುವರಿದಿರುವುದರ ವಿರುದ್ಧ ಇಡೀ ದ್ವೀಪ ಮುಷ್ಕರ ಹೂಡಿತ್ತು. ತಾಯ್ನೆಲ ಹೊತ್ತಿ ಆರಿದ ಕೆಲವೇ ವಾರಗಳಲ್ಲಿ ಫ್ರಾನ್ಸಿನ ಪ್ರೇಕ್ಷಕರು ತೆರೆಯ ಮೇಲೆ ಕಂಡ ಆಂಟಿಲೀಸ್ ಜನ ಹಿಮದ ಮೇಲೆ ಜಾರಿ ಬೀಳುತ್ತಿದ್ದರು. ಇದು ನಿರ್ದೇಶಕರ ತಪ್ಪಲ್ಲ. ಇನ್ನೊಂದು ಬಗೆಯ ಕಥೆಗೆ ಅಷ್ಟೇ ದೊಡ್ಡ ತೆರೆ ಸಿಗದೇ ಹೋದದ್ದು ತಪ್ಪು.

ಇನ್ನೊಂದು ಬಗೆಯ ಕಥೆ ಇರಲಿಲ್ಲವೇ? ಇತ್ತು, ಮೂವತ್ತು ವರ್ಷ ಮೊದಲೇ ಇತ್ತು. ಮಾರಿಟೇನಿಯಾ ಮೂಲದ ಮೆದ್ ಹೊಂಡೊ 1979ರಲ್ಲಿ ‘ವೆಸ್ಟ್ ಇಂಡೀಸ್’ ಎಂಬ ಸಂಗೀತಚಿತ್ರ ಮಾಡಿದರು. ಮೂಲ ನಾಟಕ ಮಾರ್ಟಿನೀಕಿನ ಡ್ಯಾನಿಯೆಲ್ ಬೂಕ್ಮನ್ ಅವರದು. ಪ್ಯಾರಿಸ್ಸಿನಲ್ಲಿ ಪಾಳುಬಿದ್ದಿದ್ದ ಸಿಟ್ರೊಯೆನ್ ಕಾರ್ಖಾನೆಯೊಳಗೆ ಗುಲಾಮರ ಹಡಗೊಂದನ್ನು ಕಟ್ಟಿಸಿ ಇಡೀ ಚಿತ್ರವನ್ನು ಅದರೊಳಗೇ ತೆಗೆದರು. ಮೇಲಿನ ಅಂತಸ್ತಿನಲ್ಲಿ ಅಧಿಕಾರಿಗಳು, ಕೆಳಗೆ ಜನ. ಒಂದೇ ಹಡಗಿನಲ್ಲಿ ಶತಮಾನಗಳು ಹಾದುಹೋಗುತ್ತವೆ: ಬೇಡಿ ತೊಡಿಸಿ ಕರೆತಂದ ಕಾಲವೂ ಅಲ್ಲೇ, ಟಿಕೆಟ್ ಕೊಟ್ಟು ಕರೆದೊಯ್ಯುವ ಕಾಲವೂ ಅಲ್ಲೇ. ಬ್ಯುಮಿದೋಮ್ ಇನ್ನೂ ಕೆಲಸ ಮಾಡುತ್ತಿದ್ದಾಗಲೇ ಅದನ್ನು ಹೀಗೆ ಮುಖಕ್ಕೆ ಹೊಡೆದಂತೆ ತೋರಿಸಿದ ಧೈರ್ಯ ಅದು. ಸಿಗಬೇಕಾದಷ್ಟು ಪ್ರೇಕ್ಷಕರು ಅದಕ್ಕೆ ಸಿಗಲಿಲ್ಲ. ಬ್ಯುಮಿದೋಮ್ ಮೂಲಕ ಬಂದ ಯುವಕರು ಅಂಚೆ ಕಚೇರಿಗಳನ್ನು ದೋಚುವ ಕಥೆಯನ್ನು ಜ್ಯಾನ್-ಕ್ಲೋದ್ ಬಾರ್ನಿ ‘ಲೆ ಗ್ಯಾಂಗ್ ದೆಸ್ ಆಂಟಿಲೆ’ಯಲ್ಲಿ ಹೇಳಿದ್ದು 2016ರಲ್ಲಿ. ವಲಸೆ ಬಂದವರ ಮಕ್ಕಳು ಆ ವೇಳೆಗೆ ನಡುವಯಸ್ಸು ದಾಟಿದ್ದರು.

ಕ್ಲೇರ್ ದೆನಿ ಅವರ ‘35 ರಮ್’ ಬೇರೆಯೇ ದಾರಿ ಹಿಡಿದ ಚಿತ್ರ, ಈ ಎಲ್ಲದರ ನಡುವೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅಲ್ಲಿಗೆ. ಪ್ಯಾರಿಸ್ಸಿನ ಲೋಕಲ್ ರೈಲು ಓಡಿಸುವ ಲಿಯೊನೆಲ್, ಆ ಪಾತ್ರದಲ್ಲಿ ಆಂಟಿಲೀಸ್ ಮೂಲದ ಅಲೆಕ್ಸ್ ದೆಸ್ಕಾ. ಜೊತೆಗೆ ಕಾಲೇಜಿಗೆ ಹೋಗುವ ಮಗಳು. ಒಂದೇ ದಿನ ಅಪ್ಪನೂ ಅನ್ನ ಮಾಡುವ ಕುಕ್ಕರ್ ತರುತ್ತಾನೆ, ಮಗಳೂ ತಂದಿರುತ್ತಾಳೆ. ಅಪ್ಪನಿಗೆ ಬೇಸರವಾಗಬಾರದೆಂದು ಅವಳು ತನ್ನದನ್ನು ಸದ್ದಿಲ್ಲದೆ ಬಚ್ಚಿಡುತ್ತಾಳೆ. ಬೈಗುಳವಿಲ್ಲ, ಪೊಲೀಸರಿಲ್ಲ, ಬಿಳಿಯರಿಗೆ ಏನನ್ನೂ ವಿವರಿಸುವ ಗೋಜಿಲ್ಲ. ಹಾಗೆಂದು ನೋವು ಇಲ್ಲದಿಲ್ಲ: ನಿವೃತ್ತನಾದ ಸಹೋದ್ಯೋಗಿಯೊಬ್ಬ ಮುಂದೇನೆಂದು ತೋಚದೆ ಹಳಿಯ ಮೇಲೆ ಜೀವ ಬಿಡುತ್ತಾನೆ. ಬದುಕೆಲ್ಲ ಫ್ರಾನ್ಸನ್ನು ಓಡಾಡಿಸಿದವನಿಗೆ ದುಡಿಮೆ ಮುಗಿದ ಮೇಲೆ ಅಲ್ಲಿ ಏನು ಉಳಿಯುತ್ತದೆ? ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೂ ಚಿತ್ರದುದ್ದಕ್ಕೂ ಅದೇ ಕೊರೆಯುತ್ತದೆ. ಇಷ್ಟು ಘನತೆಯ ಚಿತ್ರವನ್ನು ಮಾಡಿದ್ದು ಬಿಳಿಯ ನಿರ್ದೇಶಕಿ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಕಪ್ಪು ಜನರ ಬದುಕನ್ನು ಇಷ್ಟು ನಿಧಾನವಾಗಿ, ಗದ್ದಲವಿಲ್ಲದೆ ತೋರಿಸಲು ದ್ವೀಪದ ಮಕ್ಕಳಿಗೇ ಎಷ್ಟು ಸಲ ಹಣ ಸಿಕ್ಕಿದೆ ಎಂದು ಕೇಳದೆ ಇರಲಾರೆ.

2018ರಲ್ಲಿ ಫ್ರಾನ್ಸಿನ 16 ಮಂದಿ ಕಪ್ಪು ನಟಿಯರು ಸೇರಿ ಒಂದು ಪುಸ್ತಕ ತಂದರು. ತಮಗೆ ಬರುವುದು ಬರೀ ಆಯಾ, ಮನೆಗೆಲಸದವಳು, ವೇಶ್ಯೆಯಂಥ ಪಾತ್ರಗಳು ಎಂದು ಬರೆದರು. ಗ್ವಾಡೆಲೂಪಿನ ಫಿರ್ಮಿನ್ ರಿಷಾರ್ ಅವರಲ್ಲೊಬ್ಬರು. 1989ರಲ್ಲಿ ಅವರು ತೆರೆಗೆ ಬಂದದ್ದೇ ಕಚೇರಿ ಗುಡಿಸುವ ಹೆಂಗಸಾಗಿ.

ಗುಡಿಸುವವಳ ಪಾತ್ರ ಕೀಳು ಎಂದು ನಾನು ಹೇಳುತ್ತಿಲ್ಲ. ಅವಳಿಗೆ ಆ ಪೊರಕೆ ಕೊಟ್ಟವರು ಯಾರೆಂಬುದನ್ನು ತೋರಿಸಿ ಎನ್ನುತ್ತಿದ್ದೇನೆ. ಪ್ಯಾರಿಸ್ಸಿನ ಪೂರ್ವಕ್ಕೆ ಕ್ರೂಯ್-ಸ್ಯುರ್-ಊರ್ಕ್ ಎಂಬ ಊರಿದೆ. ದ್ವೀಪಗಳಿಂದ ಬಂದ ಹುಡುಗಿಯರಿಗೆ ಬ್ಯುಮಿದೋಮ್ ಅಲ್ಲಿ ಮನೆಗೆಲಸದ ತರಬೇತಿ ಕೊಡಿಸುತ್ತಿತ್ತು. ನರ್ಸ್ ಆಗುತ್ತೇವೆ, ಕಚೇರಿಯಲ್ಲಿ ಕೆಲಸ ಸಿಗುತ್ತದೆ ಎಂದು ನಂಬಿ ಹೊರಟಿದ್ದ ಹುಡುಗಿಯರಿಗೆ ಅಲ್ಲಿ ಇಸ್ತ್ರಿ ಹಾಕುವುದನ್ನು, ಊಟದ ಮೇಜು ಅಣಿ ಮಾಡುವುದನ್ನು ಕಲಿಸಿದರು. ಅವರಲ್ಲಿ ಹಲವರು ಇಂದಿಗೂ ಇದ್ದಾರೆ, ಎಂಬತ್ತರ ಆಸುಪಾಸಿನಲ್ಲಿದ್ದಾರೆ, ಮಾತನಾಡಬಲ್ಲರು. ನನಗೆ ದೊಡ್ಡ ತೆರೆಯ ಮೇಲೆ ನೋಡಬೇಕಿರುವುದು ಆ ಚಿತ್ರ. ಅದನ್ನು ಅವರ ಮೊಮ್ಮಗಳು ನಿರ್ದೇಶಿಸಲಿ, ಹಿಮದ ಹಾಸ್ಯಕ್ಕೆ ಸಿಕ್ಕಷ್ಟು ಚಿತ್ರಮಂದಿರಗಳು ಅದಕ್ಕೂ ಸಿಗಲಿ, ಮತ್ತು ಆ ಅಜ್ಜಿಯರು ಬದುಕಿರುವಾಗಲೇ ಅದು ಬರಲಿ.