ಆಟಿ ಕಳೆಯಲಿ, ಆಮೇಲೆ ಹೇಳುತ್ತೇನೆ

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತಳಾದವಳು ನಾನು. ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ. ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ, ತಂಗಿಯ ಮಗ ಅಮೆರಿಕದಲ್ಲಿ. ಇಷ್ಟು ಹೇಳಿದರೆ ಕರಾವಳಿಯವರಿಗೆ ಉಳಿದ ಕಥೆ ಗೊತ್ತಾಗಿಬಿಡುತ್ತದೆ. ಹಿಂದೆ ಊರಿಗೆ ಬರುವವರು ಸೆಂಟು, ಸಾಬೂನು, ಖರ್ಜೂರ ತರುತ್ತಿದ್ದರು. ಈಗ ತರುವುದಕ್ಕೆಲ್ಲ ಚಾರ್ಜರ್ ಬೇಕು. ನಮ್ಮ ಚಾವಡಿಯ ಕಪಾಟಿನ ಕೆಳಗಿನ ಅಂತಸ್ತು ಪೂರ್ತಿ ಈ ವಸ್ತುಗಳಿಂದಲೇ ತುಂಬಿದೆ. ಎಂಬತ್ತನಾಲ್ಕು ವರ್ಷದ ನನ್ನ ಅಮ್ಮ ಅವನ್ನು ಕರೆಂಟಿನ ಗೊಂಬೆಗಳು ಎನ್ನುತ್ತಾರೆ.

ತಂದುಕೊಟ್ಟವರು ಎರಡು ದಿನ ಕಳೆಯುವುದರೊಳಗೆ ಫೋನು ಮಾಡಿ ‘ಹೇಗಿದೆ?’ ಎಂದು ವಿಚಾರಿಸುತ್ತಾರೆ. ನನ್ನದು ಯಾವಾಗಲೂ ಒಂದೇ ಉತ್ತರ: ಆಟಿ ಕಳೆಯಲಿ, ಆಮೇಲೆ ಹೇಳುತ್ತೇನೆ.

ಆಟಿ ಎಂದರೆ ತುಳುವರ ಮಳೆಯ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ನಾವೆಲ್ಲ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುತ್ತೇವೆ. ಮನುಷ್ಯರಿಗೇ ಅಷ್ಟು ಕಷ್ಟದ ತಿಂಗಳಾದರೆ ಕ್ಯಾಲಿಫೋರ್ನಿಯಾದ ಒಣ ಹವೆಯಲ್ಲಿ ಕುಳಿತು ಯಾರೋ ಯೋಚಿಸಿದ ಯಂತ್ರದ ಪಾಡೇನು? ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಪುಸ್ತಕದ ಹಾಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೇಂದ್ರವನ್ನು ಯಾವ ಕಂಪೆನಿ ಕಟ್ಟಿಸೀತು?

ಮಡಚುವ ಫೋನಿನಿಂದ ಶುರುಮಾಡುತ್ತೇನೆ. ತಂಗಿಯ ಮಗ ಅದನ್ನು ಪುಸ್ತಕದಂತೆ ಬಿಡಿಸಿ ತೋರಿಸಿದಾಗ ನಿಜಕ್ಕೂ ಬೆರಗಾದೆ. ಗಾಜು ಮಡಚುವುದೆಂದರೇನು! ಅವನು ವಿವರಿಸಿದ: ಗಾಜನ್ನು ಕೂದಲಿಗಿಂತಲೂ ತೆಳ್ಳಗೆ, ಸುಮಾರು 30 ಮೈಕ್ರೋಮೀಟರಿನಷ್ಟು ಮಾಡಿದರೆ ಅದೂ ಕಾಗದದಂತೆ ಬಾಗುತ್ತದೆಯಂತೆ. ನಡುವೆ ಒಂದು ಮಡಿಕೆಯ ಗೆರೆ ಮಾತ್ರ ಬೆರಳಿಗೆ ತಾಗುತ್ತದೆ, ಇಸ್ತ್ರಿ ಮಾಡಿದ ಪಂಚೆಯ ಹಾಗೆ. 2019ರಲ್ಲಿ ಸ್ಯಾಮ್‌ಸಂಗ್ ಇಂಥ ಮೊದಲ ಫೋನನ್ನು ಪರಿಶೀಲನೆಗೆಂದು ಪತ್ರಕರ್ತರಿಗೆ ಕೊಟ್ಟಾಗ ಕೆಲವು ದಿನಗಳಲ್ಲೇ ಪರದೆಗಳು ಕೆಟ್ಟು, ಏಪ್ರಿಲ್‌ನ ಬಿಡುಗಡೆ ಸೆಪ್ಟೆಂಬರಿಗೆ ಹೋಯಿತು. ತಿರುಗಣಿಯ ಸಂದಿಯಿಂದ ಕಸದ ಕಣ ಒಳಗೆ ಹೊಕ್ಕದ್ದೂ ಒಂದು ಕಾರಣವಾಗಿತ್ತು. ಐದು ವರ್ಷಗಳ ನಂತರ ಬಂದ ಅದೇ ಬಳಗದ ಫೋನಿಗೆ, ದೂಳು ಮತ್ತು ನೀರನ್ನು ತಡೆಯುವ ಶಕ್ತಿಗೆ ಕೊಡುವ ಐಪಿ 48 ಎಂಬ ದರ್ಜೆ ಸಿಕ್ಕಿತು. ಆ ನಾಲ್ಕರ ಅರ್ಥ ಗೊತ್ತೇ? ಒಂದು ಮಿಲಿಮೀಟರಿಗಿಂತ ದೊಡ್ಡ ಕಣ ಒಳಗೆ ಹೋಗುವುದಿಲ್ಲ ಎಂದಷ್ಟೇ. ಮಲ್ಪೆಯ ಕಡಲತೀರದ ಮರಳನ್ನು ಅಂಗೈಯಲ್ಲಿ ಹಿಡಿದು ನೋಡಿದವರಿಗೆ ಈ ಭರವಸೆಯ ಬೆಲೆ ತಿಳಿಯುತ್ತದೆ. ‘ಸೂರ್ಯಾಸ್ತ ನೋಡಲು ಬೀಚಿಗೆ ಹೋಗುವುದಾದರೆ ಹೋಗು, ಫೋನು ಮನೆಯಲ್ಲಿರಲಿ’ ಎಂದೆ. ಅವನು ಕೇಳಲಿಲ್ಲ. ಫೋನಿಗೆ ಏನೂ ಆಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆದರೆ ಇಡೀ ಸಂಜೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡಿದ್ದ. ಅವನಿಗೆ ಸೂರ್ಯ ಕಂಡನೋ ಇಲ್ಲವೋ.

ನೀರಿನ ವಿಷಯ ಬಂತಲ್ಲ. ಅಂಗಡಿಯವರು ‘ಮೇಡಂ, ಇದು ಐಪಿ 68, ನೀರಿಗೆ ಬಿದ್ದರೂ ತೊಂದರೆ ಇಲ್ಲ’ ಎನ್ನುತ್ತಾರೆ. ಕೊನೆಯ ಎಂಟಕ್ಕೆ ಕಂಪೆನಿ ತಾನೇ ಹೇಳಿದ ಆಳದಲ್ಲಿ, ತಾನೇ ಹೇಳಿದಷ್ಟು ಹೊತ್ತು ಮುಳುಗಿದರೆ ನೀರು ಹೋಗದು ಎಂದರ್ಥ. ಸಾಮಾನ್ಯವಾಗಿ ಒಂದೂವರೆ ಮೀಟರ್, ಅರ್ಧ ಗಂಟೆ. ಅದೂ ಪ್ರಯೋಗಾಲಯದ ಸಿಹಿನೀರು. ನಮ್ಮದು ಕಡಲ ಗಾಳಿ, ಉಪ್ಪು, ಮೂರು ತಿಂಗಳ ತೇವ. ಇವು ಯಾವ ಅಂಕೆಯಲ್ಲೂ ಇಲ್ಲ. ಇನ್ನು ಮಳೆಯಲ್ಲಿ ಪರದೆ ತನ್ನಷ್ಟಕ್ಕೆ ಯಾರಿಗೋ ಕರೆ ಮಾಡುವ ಅನುಭವ ನಿಮಗೂ ಆಗಿರಬಹುದು. ಗಾಜಿನ ಅಡಿಯಲ್ಲಿ ವಿದ್ಯುತ್ತಿನ ಸೂಕ್ಷ್ಮ ಜಾಲವಿರುತ್ತದೆ. ಬೆರಳು ತಾಗಿದಲ್ಲಿ ಅದರ ವಿದ್ಯುತ್ ಸ್ಥಿತಿ ಬದಲಾಗುವುದನ್ನು ಫೋನು ಗುರುತಿಸುತ್ತದೆ. ಮಳೆಹನಿಯೂ ಹೆಚ್ಚುಕಡಿಮೆ ಅದೇ ಬದಲಾವಣೆ ಮಾಡುವುದರಿಂದ ಫೋನಿಗೆ ನನ್ನ ಬೆರಳು ಯಾವುದು, ಮುಂಗಾರು ಯಾವುದು ಎಂದು ತಿಳಿಯುವುದಿಲ್ಲ.

ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹೂತಿಡುವ ಮದ್ದನ್ನು 2024ರಲ್ಲಿ ಆಪಲ್ ಕಂಪೆನಿ ಬೇಡ ಎಂದಿತು, ಅಕ್ಕಿಯ ಪುಡಿ ಒಳಗೆ ಹೋಗಿ ಇನ್ನಷ್ಟು ಕೆಡುತ್ತದೆ ಎಂದು. ನಮ್ಮ ಮನೆಯಲ್ಲಿ ಅದಕ್ಕೂ ಮೊದಲೇ ಈ ಪ್ರಯೋಗ ನಡೆದಿತ್ತು. ಆಗ ಎದ್ದ ಚರ್ಚೆ ಕುಚ್ಚಲಕ್ಕಿಯಲ್ಲಿ ಇಡಬೇಕೋ ಬೆಳ್ತಿಗೆಯಲ್ಲಿ ಇಡಬೇಕೋ ಎಂಬುದು. ಚರ್ಚೆ ಮುಗಿಯುವಷ್ಟರಲ್ಲಿ ಫೋನು ತೀರಿಕೊಂಡಿತ್ತು.

ಸ್ಮಾರ್ಟ್ ಕೈಗಡಿಯಾರದ ಬಗ್ಗೆ ನನಗೆ ಪ್ರೀತಿಯಿದೆ. ಬೆನ್ನಿನಲ್ಲಿ ಹಸಿರು ಬೆಳಕು ಮಿನುಗುತ್ತದೆ. ಕೆಂಪು ರಕ್ತ ಹಸಿರು ಬೆಳಕನ್ನು ಹೀರುತ್ತದೆ, ನಾಡಿ ಬಡಿದಾಗ ಹೆಚ್ಚು, ನಡುವೆ ಕಡಿಮೆ. ಮರಳಿ ಬರುವ ಬೆಳಕನ್ನು ಅಳೆದರೆ ಹೃದಯದ ಲೆಕ್ಕ ಸಿಕ್ಕಿತು. ಎಷ್ಟು ಸರಳ, ಎಷ್ಟು ಜಾಣ! ಆದರೆ ಅದೇ ಗಡಿಯಾರ ಕಳೆದ ಆಟಿಯಲ್ಲಿ, ಹೊರಗೆ ಗಾಳಿಮಳೆ ಸುರಿಯುತ್ತಿರುವಾಗ ಚಾವಡಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ ನನಗೆ ಏಳು ಮಹಡಿ ಹತ್ತಿದ್ದಕ್ಕಾಗಿ ಅಭಿನಂದನೆ ಸಲ್ಲಿಸಿತು. ನಮ್ಮದು ಒಂದೇ ಅಂತಸ್ತಿನ ಮನೆ. ಒಳಗೆ ವಾಯುಭಾರ ಮಾಪಕವಿದೆಯಂತೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಮೂರು ಮೀಟರ್ ಮೇಲೇರಿದಷ್ಟು ಒತ್ತಡ ಇಳಿದರೆ ಒಂದು ಮಹಡಿ ಎಂದು ಲೆಕ್ಕ. ಮಳೆಗಾಲದ ಗಾಳಿಗೂ ಒತ್ತಡ ಏರಿಳಿಯುತ್ತದೆ ಎಂಬುದು ಅದಕ್ಕೆ ಹೊಳೆಯಲಿಲ್ಲ. ಆದರೂ ಅಭಿನಂದನೆಯನ್ನು ನಾನು ಬೇಡ ಎನ್ನಲಿಲ್ಲ.

ಮಾತನಾಡುವ ಸ್ಪೀಕರ್ ಬಂದಾಗ ಅಮ್ಮ ಅದರ ಎದುರು ಕುರ್ಚಿ ಹಾಕಿಸಿಕೊಂಡು ಕುಳಿತು, ‘ಇನಿ ಬರ್ಸ ಬರ್ಪುಂಡಾ?’ ಎಂದು ಕೇಳಿದರು. ಇವತ್ತು ಮಳೆ ಬರುತ್ತದೆಯೇ ಎಂದು. ಅದು ಸ್ವಲ್ಪ ಹೊತ್ತು ಯೋಚಿಸಿ ಹಿಂದಿಯ ಪ್ರೇಮಗೀತೆಯೊಂದನ್ನು ಹಾಡಿತು. ‘ಪಾಪ, ಪರವೂರಿನದ್ದು’ ಎಂದು ಅಮ್ಮ ಕ್ಷಮಿಸಿದರು. ಇದರಲ್ಲಿ ಬದಲಾವಣೆ ಇಲ್ಲವೆಂದಲ್ಲ. ಗೂಗಲ್‌ನ ಅನುವಾದ ಸೇವೆಗೆ 2022ರಲ್ಲಿ ಕೊಂಕಣಿ ಸೇರಿತು, 2024ರ ಜೂನ್‌ನಲ್ಲಿ ತುಳುವೂ ಸೇರಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಲಿಪಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿತು. ಮಡಚುವ ಗಾಜಿಗಿಂತ ಇದು ನನಗೆ ದೊಡ್ಡ ಸುದ್ದಿ. ಆದರೆ ಬರೆದ ತುಳುವನ್ನು ತಿಳಿಯುವುದು ಬೇರೆ, ಹಲ್ಲಿಲ್ಲದ ಬಾಯಿಯಿಂದ ಬರುವ ತುಳುವನ್ನು ತಿಳಿಯುವುದು ಬೇರೆ. ಅದಿರಲಿ, ಜುಲೈಯ ಒಂದು ರಾತ್ರಿ ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು, ಕರೆಂಟಿನ ಜೊತೆ ಇಂಟರ್‌ನೆಟ್ಟೂ ಹೋಯಿತು. ಸರ್ವಜ್ಞನಂತಿದ್ದ ಸ್ಪೀಕರ್ ಮೂಕಾಯಿತು. ಸೆಲ್ ಹಾಕಿದ ಟ್ರಾನ್ಸಿಸ್ಟರ್ ರೇಡಿಯೋ ಮಾತ್ರ ಹವಾಮಾನ ವರದಿ ಓದುತ್ತಲೇ ಇತ್ತು. ಅದಕ್ಕೆ ಹೆಸರು ಕೊಟ್ಟ ಟ್ರಾನ್ಸಿಸ್ಟರ್ ಎಂಬ ಪುಟ್ಟ ಬಿಡಿಭಾಗ 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅಂಗೈಯಗಲದ ಮೊದಲ ಟ್ರಾನ್ಸಿಸ್ಟರ್ ರೇಡಿಯೋ 1954ರಲ್ಲಿ ಮಾರಾಟಕ್ಕೆ ಬಂದಾಗ ಅದರೊಳಗೆ ಇದ್ದದ್ದು ನಾಲ್ಕೇ ಟ್ರಾನ್ಸಿಸ್ಟರ್. ಈಗಿನ ಫೋನಿನ ಚಿಪ್ಪಿನಲ್ಲಿ ಅವು ನೂರಾರು ಕೋಟಿ. ರೇಡಿಯೋದಲ್ಲಿ ಕುಳಿತು ರೇಡಿಯೋವನ್ನು ಹೊಗಳುವುದು ಶೋಭೆಯಲ್ಲ, ಮುಂದೆ ಹೋಗುತ್ತೇನೆ.

ನಾನು ಮುಟ್ಟಿ ನೋಡದ, ಓದಿಯಷ್ಟೇ ತಿಳಿದ ಒಂದು ವಸ್ತುವಿದೆ. ಆಪಲ್‌ನಿಂದ ಹೊರಬಂದ ಇಬ್ಬರು ಕಟ್ಟಿದ ಹ್ಯೂಮೇನ್ ಎಂಬ ಕಂಪೆನಿ 2024ರ ಏಪ್ರಿಲ್‌ನಲ್ಲಿ ಅಂಗಿಗೆ ಸಿಕ್ಕಿಸುವ ಬಿಲ್ಲೆಯೊಂದನ್ನು ಮಾರತೊಡಗಿತು. ಪರದೆಯಿಲ್ಲ, ಮಾತಾಡಿದರೆ ಉತ್ತರಿಸುತ್ತದೆ, ಅಂಗೈ ಚಾಚಿದರೆ ಲೇಸರ್ ಬೆಳಕಿನಲ್ಲಿ ಅಕ್ಷರ ಬರೆಯುತ್ತದೆ. 699 ಡಾಲರ್ ಬೆಲೆ, ಮೇಲೆ ತಿಂಗಳಿಗೆ 24 ಡಾಲರ್ ಬಾಡಿಗೆ. ವರ್ಷ ತುಂಬುವ ಮೊದಲೇ ಕಂಪೆನಿಯ ಆಸ್ತಿಯನ್ನು ಎಚ್‌ಪಿ ಕೊಂಡುಕೊಂಡಿತು, 2025ರ ಫೆಬ್ರವರಿ 28ಕ್ಕೆ ಸರ್ವರ್‌ಗಳನ್ನು ಆರಿಸಲಾಯಿತು. ಕೊಂಡವರ ಅಂಗಿಯ ಮೇಲಿದ್ದ ಯಂತ್ರದಲ್ಲಿ ಒಂದು ತಂತಿಯೂ ಕಡಿದಿರಲಿಲ್ಲ, ಆದರೂ ಅದು ಸತ್ತಿತು. ಬ್ಯಾಂಕಿನವಳಾದ ನನಗೆ ಇದು ಭಯ ಹುಟ್ಟಿಸುತ್ತದೆ. ಮಿಕ್ಸಿ ಮಾಡಿದ ಕಂಪೆನಿ ಮುಳುಗಿದರೂ ಮಿಕ್ಸಿ ಚಟ್ನಿ ಅರೆಯುತ್ತದೆ. ಇಲ್ಲಿ ನಾವು ವಸ್ತುವನ್ನು ಕೊಂಡೆವು ಎಂದುಕೊಂಡಿರುತ್ತೇವೆ, ನಿಜಕ್ಕೂ ಗೇಣಿಗೆ ಕುಳಿತಿರುತ್ತೇವೆ.

ಹಾಗಾದರೆ ಆಟಿಯಲ್ಲಿ ತೇರ್ಗಡೆಯಾದದ್ದು ಯಾವುದು ಎಂದು ಕೇಳುತ್ತೀರಿ. ನಾವು ವಾರಕ್ಕೆರಡು ಬಾರಿ ಮೀನು ಕೊಳ್ಳುವ ಮಾರುಕಟ್ಟೆಯಲ್ಲಿದೆ ಅದು. ಟಾರ್ಪಾಲಿನ ಕೆಳಗೆ, ಕೊಡೆಯ ಕಡ್ಡಿಗೆ, ಪ್ಲಾಸ್ಟಿಕ್ ತೊಟ್ಟೆಯೊಳಗೆ ನೇತಾಡುತ್ತಿರುತ್ತದೆ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್. ನಾನು ಬ್ಯಾಂಕಿನಲ್ಲಿದ್ದಾಗಲೇ, 2016ರಲ್ಲಿ ಯುಪಿಐ ಬಂತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಮೂಲಕ ನಡೆದ ವ್ಯವಹಾರಗಳು 2,000 ಕೋಟಿ ದಾಟಿದವು. ಆದರೆ ಮೊದಮೊದಲು ನಮ್ಮ ಮೀನು ಮಾರುವ ಅಕ್ಕನಿಗೆ ಅದರಿಂದ ತಲೆನೋವೇ ಆಗಿತ್ತು. ಕೈಯೆಲ್ಲ ಮೀನಿನ ನೀರು, ಫೋನು ಮುಟ್ಟುವಂತಿಲ್ಲ. ಗಿರಾಕಿ ತನ್ನ ಪರದೆಯನ್ನು ಮುಖದ ಮುಂದೆ ಹಿಡಿದು ‘ಹೋಯಿತು’ ಎಂದರೆ ನಂಬಬೇಕು. ಹಾಗೆ ನಂಬಿ ಒಂದು ಅಂಜಲ್ ಮೀನು ಕಳೆದುಕೊಂಡದ್ದೂ ಇದೆ.

ಈ ಡಬ್ಬಿಗೆ ತನ್ನದೇ ಸಿಮ್ ಕಾರ್ಡ್ ಇದೆ, ತನ್ನದೇ ಬ್ಯಾಟರಿ ಇದೆ. ಅಕ್ಕನ ಫೋನು ಮನೆಯಲ್ಲಿದ್ದರೂ ನಡೆಯುತ್ತದೆ. ಕಣ್ಣು ಬೇಡ, ಕೈ ಬೇಡ, ಓದು ಬೇಡ. ಕಿವಿಯೊಂದಿದ್ದರೆ ಸಾಕು, ಅದೂ ಮಾರುಕಟ್ಟೆಯ ಗದ್ದಲದಲ್ಲಿ. ಅಕ್ಕನ ಡಬ್ಬಿ ಕನ್ನಡದಲ್ಲಿ ಮಾತಾಡುತ್ತದೆ, ಪಕ್ಕದಾಕೆಯದ್ದು ಹಿಂದಿಯಲ್ಲಿ. ‘ಅವಳಿಗೆ ಹಿಂದಿ ಬರುತ್ತದೆಯೇ?’ ಎಂದು ಕೇಳಿದೆ. ‘ಎಲ್ಲಿಂದ ಬರಬೇಕು ಅಮ್ಮ? ಎರಡೂ ಕನ್ನಡವಾದರೆ ಯಾರ ದುಡ್ಡು ಬಂತೆಂದು ತಿಳಿಯುವುದಿಲ್ಲ. ಅದಕ್ಕೆ ಅವಳು ಹಿಂದಿ ಮಾಡಿಸಿಕೊಂಡಿದ್ದಾಳೆ’ ಎಂದಳು. ಯಾವ ಕಂಪೆನಿಯ ಎಂಜಿನಿಯರೂ ಊಹಿಸಿರಲಾರದ ಉಪಯೋಗ ಇದು. ಅಕ್ಕನಿಗೆ ಒಂದು ದೂರೂ ಇದೆ: ‘ಬೆಳಗ್ಗಿನಿಂದ ಎಷ್ಟು ವ್ಯಾಪಾರವಾಯಿತೆಂದು ಇಡೀ ಸಾಲಿಗೆ ಗೊತ್ತು. ಸಾಲ ಕೇಳುವವರು ಲೆಕ್ಕ ಹಾಕಿಕೊಂಡೇ ಬರುತ್ತಾರೆ.’ ಗ್ರಾಹಕರ ಖಾತೆಯ ಮೊತ್ತವನ್ನು ಗಟ್ಟಿಯಾಗಿ ಓದಬಾರದು ಎಂದು ನಮಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಬೆರಳಚ್ಚಿನ ಯಂತ್ರ ಮಾತ್ರ ನಮ್ಮ ಬ್ಯಾಂಕಿನಲ್ಲಿ ಸೋತಿತು, ಬೇರೊಬ್ಬರ ಬೆರಳನ್ನು ನೋಡಿ ಮಾಡಿದ್ದಕ್ಕೆ. ನಲವತ್ತು ವರ್ಷ ಬೀಡಿ ಸುತ್ತಿದ ಹೆಂಗಸಿನ ಬೆರಳ ತುದಿ ಕನ್ನಡಿಯಂತೆ ನುಣುಪಾಗಿರುತ್ತದೆ. ಕೌಂಟರಿನ ಈಚೆ ನಾನು, ಆಚೆ ಅವಳು, ನಡುವೆ ‘ಗುರುತು ಸಿಗಲಿಲ್ಲ’ ಎನ್ನುವ ಯಂತ್ರ. ಹದಿನೈದು ವರ್ಷದಿಂದ ನನಗೆ ಅವಳ ಗುರುತಿತ್ತು. ಪಿಂಚಣಿದಾರರ ಜೀವನ ಪ್ರಮಾಣ ಪತ್ರಕ್ಕೆ 2021ರ ನವೆಂಬರ್‌ನಲ್ಲಿ ಮುಖ ತೋರಿಸಿದರೆ ಸಾಕು ಎಂಬ ವ್ಯವಸ್ಥೆ ಬಂದಾಗ ನಾನು ಒಳಗೊಳಗೇ ಕೈಮುಗಿದೆ.

ಪರವೂರಿನ ವಿದ್ಯೆ ನಮ್ಮ ಮಳೆಗೆ ಒಗ್ಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಒಂದಕ್ಕೊಂದು ಕೊಂಡಿಯಾಗಿ ಕೂರುವ ಆ ಹಂಚಿನ ವಿನ್ಯಾಸ ಯುರೋಪಿನದ್ದು, ಮಣ್ಣು ನಮ್ಮ ಹೊಳೆಬದಿಯದ್ದು. ಹುಲ್ಲು ಮಾಡಿನ ಊರಿಗೆ ಅದು ಆ ಕಾಲದ ಹೊಸ ಯಂತ್ರವೇ ಸರಿ. ನನ್ನ ಮೊದಲ ಮೊಬೈಲ್ ನೋಕಿಯಾ 1100. 2003ರಲ್ಲಿ ಬಂದದ್ದು, ದೂಳು ಹೋಗದ ಒಂದೇ ಹಾಳೆಯ ಕೀಲಿಮಣೆ, ಬೆವರುವ ಕೈಯಿಂದ ಜಾರದ ಬದಿಗಳು, ತಲೆಯಲ್ಲೊಂದು ಟಾರ್ಚು. ನಮ್ಮಂಥ ಊರುಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು, ಜಗತ್ತಿನಲ್ಲಿ 25 ಕೋಟಿಗಿಂತ ಹೆಚ್ಚು ಮಾರಾಟವಾಯಿತು. ಕರೆಂಟು ಹೋದ ರಾತ್ರಿ ಅಂಗಳದಲ್ಲಿ ಹಾವಿದೆಯೇ ಎಂದು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಫೋನು ನಾನು ಕಂಡಿಲ್ಲ. ಇನ್ನು ನಮ್ಮವರೇ ಇದ್ದಾರೆ. 1996ರಲ್ಲಿ ಉಡುಪಿಯಲ್ಲಿ ಶುರುವಾದ ರೋಬೋಸಾಫ್ಟ್ ಆಪಲ್‌ನ ಮ್ಯಾಕಿಂತಾಷ್ ಕಂಪ್ಯೂಟರಿಗೆ ತಂತ್ರಾಂಶ ಬರೆದ ಕಂಪೆನಿ. 2021ರಲ್ಲಿ ಅದನ್ನು ಜಪಾನಿನವರು ಕೊಂಡರು. ಬಂಟ್ವಾಳದ ಕಡೆಯ ಕೃಷಿಕರೊಬ್ಬರು 2019ರಲ್ಲಿ ಅಡಿಕೆ ಮರ ಹತ್ತುವ ಬೈಕು ಮಾಡಿ ದೇಶಕ್ಕೆಲ್ಲ ತೋರಿಸಿದರು. ಅಡಿಕೆ ಮರದ ಪಾಚಿಯಲ್ಲಿ ಕಾಲು ಜಾರಿದವರ ಊರಿನಲ್ಲಿ ಮಾತ್ರ ಹುಟ್ಟಬಹುದಾದ ಯಂತ್ರ.

ಈ ವರ್ಷ ಮಗಳು ತಂದದ್ದು ಕನ್ನಡಕ. ಅಂಚಿನಲ್ಲಿ ಕ್ಯಾಮೆರಾ, ಕಡ್ಡಿಯಲ್ಲಿ ಸ್ಪೀಕರ್. ಚಿತ್ರ ತೆಗೆಯುವಾಗ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಹಾಕಿಕೊಂಡು ಮೇ ತಿಂಗಳ ಒಂದು ಮದುವೆಗೆ ಹೋದೆ. ಊಟದ ಪಂಕ್ತಿಯಲ್ಲಿ ಎದುರು ಕುಳಿತ ಭಾವನವರು ನನ್ನನ್ನೇ ನೋಡುತ್ತಾ ಹೋಳಿಗೆಯನ್ನು ಮೂರನೆಯ ಸಲ ಬೇಡವೆಂದರು. ಸಕ್ಕರೆ ಕಾಯಿಲೆಯವರು ಅವರು. ದೀಪ ಹೊತ್ತಿರಲಿಲ್ಲ ಎಂದು ಆಮೇಲೆ ಹೇಳಿದರೂ ನಂಬಲಿಲ್ಲ.

ಆಟಿ ಮುಗಿಯಲು ಇನ್ನೂ ಹತ್ತು ದಿನವಿದೆ. ಮೊನ್ನೆ ಕಪಾಟು ತೆರೆದಾಗ ಕನ್ನಡಕದ ಚರ್ಮದ ಪೆಟ್ಟಿಗೆಯ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಮಸೂರಕ್ಕೂ ಹಿಡಿದೀತೆಂದು ಹೆದರಿ, ಮನೆಯಲ್ಲಿ ತೇವ ತಾಗದ ಜಾಗ ಯಾವುದೆಂದು ಹುಡುಕಿದೆ. ಒಂದೇ ಒಂದು ಇತ್ತು. ರಾತ್ರಿ ಮಗಳ ಫೋನು ಬಂತು: ‘ಹೇಗಿದೆ ಅಮ್ಮ, ಕನ್ನಡಕ?’

ಹಲಸಿನ ಹಪ್ಪಳದ ಡಬ್ಬದಲ್ಲಿ ಕ್ಷೇಮವಾಗಿದೆ ಎಂದೆ. ನಮಸ್ಕಾರ.