ಬೀಜದ ಸ್ಕ್ಯಾನಿಂಗ್‌ಗೆ ಹೋಗುವ ಮುನ್ನ

ಕೇಳುಗರಿಗೆ ನಮಸ್ಕಾರ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಾಯುವವರನ್ನು ನೋಡಿದ್ದೀರಲ್ವಾ? ಹೆಚ್ಚಿನವರು ಬಸುರಿ ಹೆಂಗಸರು. ಗೋಡೆ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು. ಅವರ ನಡುವೆ ಒಬ್ಬ ಗಂಡಸು, ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿ, ತಲೆ ತಗ್ಗಿಸಿ ಕೂತಿರುತ್ತಾರೆ. ಚೀಟಿಯಲ್ಲಿರುವುದು ‘ಸ್ಕ್ರೋಟಲ್ ಸ್ಕ್ಯಾನ್’. ಅಂದರೆ ಬೀಜ ಮತ್ತು ಬೀಜದ ಚೀಲದ ಅಲ್ಟ್ರಾಸೌಂಡ್. ಇವತ್ತು ನಾನು ಮಾತಾಡುತ್ತಿರುವುದು ಅವರ ಜೊತೆ.

ತಯಾರಿ ಏನೂ ಬೇಡ. ಇದೊಂದೇ ಸ್ಕ್ಯಾನ್ ಆದರೆ ಖಾಲಿ ಹೊಟ್ಟೆ ಬೇಡ, ಮೂತ್ರ ಕಟ್ಟಿಕೊಂಡು ಕೂರುವ ಪಾಡೂ ಇಲ್ಲ. ತಿಂಡಿ ತಿಂದೇ ಬನ್ನಿ. ಪಂಚೆ ಉಟ್ಟು ಬಂದರೆ ಇನ್ನೂ ಸಲೀಸು.

ಒಳಗೆ ಅಂಗಾತ ಮಲಗಿಸುತ್ತಾರೆ. ಚೀಲದ ಕೆಳಗೆ ಮಡಿಸಿದ ಟವೆಲ್ ಇಡುತ್ತಾರೆ. ಶಿಶ್ನವನ್ನು ಹೊಟ್ಟೆಯ ಕಡೆ ಎತ್ತಿ ಬಟ್ಟೆ ಮುಚ್ಚಿಕೊಳ್ಳಲು ಹೇಳುತ್ತಾರೆ. ಡಾಕ್ಟರ್ ಹೆಂಗಸಾಗಿರಬಹುದು. ಜೊತೆಗೆ ಗಂಡಸೊಬ್ಬರು ಇರಲಿ ಅನ್ನಿಸಿದರೆ ಮೊದಲೇ ಕೇಳಿ, ತಪ್ಪೇನಿಲ್ಲ. ಜೆಲ್ ಹಚ್ಚಿದಾಗ ತಣ್ಣಗೆ ಜುಂ ಅನ್ನುತ್ತದೆ, ಅಷ್ಟೇ. ಸೂಜಿ ಇಲ್ಲ. ಎಕ್ಸ್‌ರೇಯಂಥ ವಿಕಿರಣವೂ ಇಲ್ಲ, ಇದು ಬರೀ ಶಬ್ದದ ಅಲೆ. ಮುಂದೆ ಮಕ್ಕಳಾಗುವುದಿಲ್ಲವೇನೋ ಎಂಬ ಭಯ ಬಿಟ್ಟುಬಿಡಿ. ಮೈಮೇಲೆ ಆಡಿಸಿ ನೋಡುವ ಸಾಧನಕ್ಕೆ ಪ್ರೋಬ್ ಅನ್ನುತ್ತಾರೆ; ಬಾವು ಇರುವ ಕಡೆ ಅದು ತಾಗಿದಾಗ ನೋಯಬಹುದು. ಹಲ್ಲು ಕಚ್ಚಿಕೊಂಡು ಸಹಿಸಬೇಡಿ, ಬಾಯಿ ಬಿಟ್ಟು ಹೇಳಿ.

ಮಧ್ಯೆ ‘ಉಸಿರು ಬಿಗಿಹಿಡಿದು ಮುಕ್ಕಿ’, ‘ಎದ್ದು ನಿಲ್ಲಿ’ ಎನ್ನಬಹುದು. ಬೀಜದ ಮೇಲಿನ ರಕ್ತನಾಳ ಉಬ್ಬಿದ್ದರೆ ಆಗಲೇ ಚೆನ್ನಾಗಿ ಕಾಣುವುದು. ಪರದೆಯಲ್ಲಿ ಕೆಂಪು, ನೀಲಿ ಬಣ್ಣ ಮೂಡಿದರೆ ಗಾಬರಿ ಬೇಡ. ಅದು ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್. ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ.

ಸ್ಕ್ಯಾನಿನಲ್ಲಿ ಏನು ಕಾಣಬಹುದು? ಬೀಜದ ಸುತ್ತ ನೀರು ತುಂಬಿದ್ದರೆ ಅದು ಹೈಡ್ರೋಸೀಲ್. ಕಲಬುರಗಿ, ಯಾದಗಿರಿ, ಬೀದರ್ ಕಡೆ ಆನೆಕಾಲು ರೋಗದ ಹುಳುವಿನಿಂದಲೂ ಬರುತ್ತದೆ. ಹುಳು ಜೀವಂತ ಇದ್ದರೆ ಅದು ಮಿಸುಕಾಡುವುದು ಕೂಡ ಸ್ಕ್ಯಾನಿನಲ್ಲಿ ಕಾಣಬಹುದು! ಗಂಟಿದ್ದರೆ, ಬೀಜದ ಒಳಗಿದೆಯೋ ಹೊರಗಿದೆಯೋ ಎಂಬುದೇ ದೊಡ್ಡ ಪ್ರಶ್ನೆ. ಹೊರಗಿನವು ಬಹುಪಾಲು ನಿರಪಾಯ. ಒಳಗಿನ ಗಟ್ಟಿ ಗಂಟು ಕ್ಯಾನ್ಸರ್ ಆಗಿರಬಹುದು. ಅದು ಸಾಮಾನ್ಯವಾಗಿ ನೋಯುವುದಿಲ್ಲ, ಹರೆಯದವರಲ್ಲೇ ಜಾಸ್ತಿ. ನೋವಿಲ್ಲ ಅಂತ ಸುಮ್ನಿರಬೇಡಿ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕೆಲವೊಮ್ಮೆ ಬೀಜ ತಿರುಚಿಕೊಂಡು ಅದಕ್ಕೆ ರಕ್ತ ಹೋಗುವುದು ನಿಂತುಬಿಡುತ್ತದೆ. 12ರಿಂದ 18 ವಯಸ್ಸಿನ ಹುಡುಗರಲ್ಲಿ ಇದು ಹೆಚ್ಚು. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಬೀಜ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಆದರೆ ಹುಡುಗ ನಾಚಿಕೊಂಡು ಬರೀ ‘ಹೊಟ್ಟೆನೋವು’ ಅಂತಾನೆ, ವಾಂತಿ ಮಾಡುತ್ತಾನೆ. ‘ಕೆಳಗೂ ನೋಯ್ತಾ ಇದೆಯಾ ಮಗಾ?’ ಅಂತ ನೀವೇ ಕೇಳಿ. ಹೌದು ಅಂದರೆ ಬೆಳಗಾಗಲಿ, ಸ್ಕ್ಯಾನಿಂಗ್ ಸೆಂಟರ್ ತೆರೆಯಲಿ ಅಂತ ಕಾಯಬೇಡಿ. ಆಪರೇಷನ್ ಮಾಡುವ ಆಸ್ಪತ್ರೆಗೆ ಆಗಲೇ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ನಮಸ್ಕಾರ.