ಯೆರೂಸಲೇಮಿನ ಬಾಗಿಲಲ್ಲಿ ನಿಂತ ರಾಜಕುಮಾರ

ಕೇಳುಗರಿಗೆ ನಮಸ್ಕಾರ.

ಯೆರೂಸಲೇಮಿನ ಊರಬಾಗಿಲು. ಬೆಳಗಾಗುತ್ತಲೇ ರಾಜಕುಮಾರನೊಬ್ಬ ದಾರಿಯ ಮಗ್ಗುಲಲ್ಲಿ ಬಂದು ನಿಲ್ಲುತ್ತಾನೆ. ರಥವಿದೆ, ಕುದುರೆಗಳಿವೆ, ಮುಂದೆ ಓಡಲು 50 ಆಳುಗಳಿದ್ದಾರೆ. ವ್ಯಾಜ್ಯ ಹೊತ್ತು ಅರಸನ ಬಳಿಗೆ ಹೊರಟವರನ್ನು ಕರೆದು, ಯಾವೂರಪ್ಪಾ ಎಂದು ವಿಚಾರಿಸುತ್ತಾನೆ. ನಿನ್ನ ಕಡೆಯೇ ನ್ಯಾಯವಿದೆ, ಆದರೆ ಕೇಳುವುದಕ್ಕೆ ಅರಸ ಯಾರನ್ನೂ ನೇಮಿಸಿಲ್ಲವಲ್ಲ ಎಂದು ಮರುಗುತ್ತಾನೆ. ಅಡ್ಡಬೀಳಲು ಬಂದವನನ್ನು ಹಿಡಿದು ಮುತ್ತಿಡುತ್ತಾನೆ. ಇವನು ಬೈಬಲಿನಲ್ಲಿ ಬರುವ ಇಸ್ರಾಯೇಲಿನ ಅರಸ ದಾವೀದನ ಮಗ ಅಬ್ಷಾಲೋಮ.

ಬರೀ ಓಲೈಕೆ ಎನ್ನಬಹುದು. ನನಗೆ ಮಾತ್ರ ಆ ಮಾತಿನಲ್ಲಿ ಅವನದೇ ಹೊಟ್ಟೆಯುರಿ ಕೇಳಿಸುತ್ತದೆ. ಅವನ ಒಡಹುಟ್ಟಿದ ತಂಗಿ ತಾಮಾರಳನ್ನು ಮಲಣ್ಣ ಅಮ್ನೋನ ಕಾಯಿಲೆಯ ನೆಪದಲ್ಲಿ ಕರೆಸಿಕೊಂಡು ಕೆಡಿಸಿದ್ದ. ಸುದ್ದಿ ಕೇಳಿ ದಾವೀದನಿಗೆ ಕಡುಕೋಪ ಬಂತು. ಕೋಪ ಬಂತು, ಅಷ್ಟೇ. ಹಿರಿಮಗನಿಗೆ ಶಿಕ್ಷೆಯಾಗಲಿಲ್ಲ. ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯ ವಿಷಯದಲ್ಲಿ ತಾನೇ ಜಾರಿದ್ದ ಅರಸ ಯಾವ ಬಾಯಲ್ಲಿ ತೀರ್ಪು ಹೇಳಿಯಾನು? ಎರಡು ವರ್ಷ ಕಾದ ಅಬ್ಷಾಲೋಮ, ಕುರಿ ಉಣ್ಣೆ ಕತ್ತರಿಸುವ ಔತಣದಲ್ಲಿ ಅಮ್ನೋನನನ್ನು ಕೊಲ್ಲಿಸಿ ತಾಯಿಯ ತವರಾದ ಗೆಷೂರಿಗೆ ಓಡಿಹೋದ. ಮೂರು ವರ್ಷದ ಮೇಲೆ ವಾಪಸು ಕರೆಸಿದರೂ, ಮತ್ತೆರಡು ವರ್ಷ ಅಪ್ಪ ಮುಖ ತೋರಿಸಲಿಲ್ಲ.

ಕೊನೆಗೆ ಹೆಬ್ರೋನಿನಲ್ಲಿ ದಂಗೆಯ ಕಹಳೆ ಮೊಳಗಿತು. ದಾವೀದ ಬರಿಗಾಲಲ್ಲಿ, ತಲೆಗೆ ಮುಸುಕು ಹಾಕಿಕೊಂಡು, ಅಳುತ್ತಾ ಎಣ್ಣೆಮರಗಳ ಗುಡ್ಡ ಹತ್ತಿದ. ಅವನ ಮಂತ್ರಾಲೋಚಕ ಅಹೀತೋಫೆಲನೂ ಮಗನ ಪಕ್ಷ ಸೇರಿದ್ದ. ಬತ್ಷೆಬೆಯ ತಂದೆಯ ಹೆಸರು ಎಲೀಯಾಮ. ಅಹೀತೋಫೆಲನಿಗೂ ಅದೇ ಹೆಸರಿನ ಮಗನಿದ್ದ. ಇಬ್ಬರೂ ಒಬ್ಬನೇ ಆಗಿದ್ದರೆ, ಈ ಮುದುಕನೂ ಮೊಮ್ಮಗಳ ಲೆಕ್ಕ ತೀರಿಸಲು ಬಂದವನೇ.

ಅವನ ಸಲಹೆ ಚುರುಕಾಗಿತ್ತು: 12,000 ಮಂದಿಯನ್ನು ಕೊಡು, ಈ ರಾತ್ರಿಯೇ ಬೆನ್ನಟ್ಟುತ್ತೇನೆ, ಅರಸನೊಬ್ಬನನ್ನೇ ಹೊಡೆದರೆ ಸಾಕು. ಆದರೆ ದಾವೀದ ಗುಟ್ಟಾಗಿ ಕಳಿಸಿದ್ದ ಗೆಳೆಯ ಹೂಷೈ ಅಲ್ಲಿದ್ದ. ನಿನ್ನಪ್ಪ ಈಗ ಮರಿ ಕಳಕೊಂಡ ಕರಡಿ, ಅವಸರ ಬೇಡ, ಇಡೀ ಇಸ್ರಾಯೇಲನ್ನು ಸೇರಿಸಿ ನೀನೇ ಮುಂದೆ ನಿಂತು ನಡೆಸು ಎಂದ. ಅಬ್ಷಾಲೋಮ ಉಬ್ಬಿಹೋದ. ಆಟ ಮುಗಿಯಿತೆಂದು ಅಹೀತೋಫೆಲನಿಗೆ ತಿಳಿಯಿತು. ಕತ್ತೆಗೆ ತಡಿ ಹಾಕಿ, ಊರಿಗೆ ಹೋಗಿ, ಮನೆಯ ವ್ಯವಸ್ಥೆ ಮಾಡಿ ಉರುಲು ಹಾಕಿಕೊಂಡ.

ಎಫ್ರಾಯೀಮಿನ ಕಾಡಿನಲ್ಲಿ ಯುದ್ಧ. ಹೇಸರಗತ್ತೆ ಮುಂದೆ ಓಡಿತು, ಅಬ್ಷಾಲೋಮನ ತಲೆ ಮರದ ಕೊಂಬೆಗೆ ಸಿಕ್ಕಿಕೊಂಡಿತು. ಮಗನನ್ನು ಉಳಿಸಿ ಎಂದು ಅರಸ ಎಲ್ಲರೆದುರು ಹೇಳಿದ್ದರೂ, ಸೇನಾಪತಿ ಯೋವಾಬ ಮೂರು ಈಟಿ ಚುಚ್ಚಿದ. ಗೆದ್ದ ದಂಡು ಕಳ್ಳರಂತೆ ಊರೊಳಗೆ ನುಸುಳಬೇಕಾಯಿತು, ಏಕೆಂದರೆ ಅರಸ ಮಗನ ಹೆಸರು ಹಿಡಿದು ಗೋಳಾಡುತ್ತಿದ್ದ. ನಾವೆಲ್ಲ ಸತ್ತು ಅವನೊಬ್ಬ ಬದುಕಿದ್ದರೆ ನಿನಗೆ ಸಂತೋಷವಾಗುತ್ತಿತ್ತು ಎಂದು ಯೋವಾಬ ಮುಖಕ್ಕೇ ಹೇಳಿದ.

ದಾವೀದ ಕೊಟ್ಟ ಉತ್ತರ ವಿಚಿತ್ರ. ಯೋವಾಬನ ಪದವಿಯನ್ನು ದಂಗೆಯ ಸೇನಾಪತಿ ಅಮಾಸನಿಗೇ ಕೊಡುವುದಾಗಿ ಆಣೆ ಮಾಡಿದ. ಇಬ್ಬರೂ ದಾವೀದನ ಅಕ್ಕತಂಗಿಯರ ಮಕ್ಕಳು. ಕೆಲವೇ ದಿನಗಳಲ್ಲಿ, ಕ್ಷೇಮವೇನಣ್ಣಾ ಎನ್ನುತ್ತಾ ಯೋವಾಬ ಮುತ್ತಿಡುವವನಂತೆ ಅಮಾಸನ ಗಡ್ಡ ಹಿಡಿದು ಹೊಟ್ಟೆಗೆ ತಿವಿದ. ಆ ಹೊತ್ತಿಗೆ ಶೆಬ ಎಂಬವನ ಇನ್ನೊಂದು ದಂಗೆ ಆಗಲೇ ಶುರುವಾಗಿತ್ತು.